ಆಮೆ ಓಡಿದ ದಿನ

ನಾವೆಲ್ಲ ಆಮೆ ಎಂದು ಕರೆಯುವ ಮನುಷ್ಯನಷ್ಟು ನಿಧಾನವಾಗಿ ಬೆಟ್ಟ ಹತ್ತುವವನನ್ನು ನಾನು ಕಂಡಿಲ್ಲ. ಅವನ ಬೆನ್ನ ಹಿಂದೆ ಹೊರಟ ಮೇಕೆಮರಿಯೊಂದು ತುದಿ ಮುಟ್ಟುವ ಹೊತ್ತಿಗೆ ಮೊಮ್ಮಕ್ಕಳನ್ನು ಕಂಡಿತ್ತು ಎಂದು ನಮ್ಮ ಬೀದಿಯಲ್ಲಿ ಹೇಳುತ್ತಾರೆ. ನಾನು ಹಾಗೆಲ್ಲ ಉಬ್ಬಿಸಿ ಹೇಳುವವನಲ್ಲ. ಮಕ್ಕಳನ್ನು ಮಾತ್ರ ಕಂಡಿತ್ತು.

ಪರ್ವತ ಹತ್ತಲು ಬರುವವರಿಗೆ ದಾರಿ ಆರಿಸಿಕೊಡುವುದು ಅವನ ಕೆಲಸ. ಇರುವುದು ಎರಡೇ ದಾರಿ. ಒಂದು ಏಣಿದಾರಿ: ಬೋಳು ಬಂಡೆಗಳ ಮೇಲೆ ನೆಟ್ಟಗೆ ಮೇಲಕ್ಕೆ, ಗಟ್ಟಿಗನಾದರೆ ಒಂದೇ ಹಗಲು. ಇನ್ನೊಂದು ಕೊಳದ ದಾರಿ: ತೊರೆಯ ಪಕ್ಕದಲ್ಲೇ ಕಾಡು ದಾಟಿ, ಸುತ್ತಿ ಬಳಸಿ, ಮೂರನೆಯ ದಿನಕ್ಕೆ, ಏಣಿದಾರಿಯೂ ಬಂದು ಸೇರುವ ಒಂದು ಹುಲ್ಲುಗಾವಲು. ಅದರ ನೆತ್ತಿಯ ಮೇಲೆ, ಮಂಜುಗಡ್ಡೆಯ ದಂಡೆ ಕಟ್ಟಿಕೊಂಡ ಕೊಳ. ಬೆಳಗಿನ ಹೊತ್ತು ಅದರಲ್ಲಿ ಪರ್ವತ ತಲೆಕೆಳಗಾಗಿ ನಿಲ್ಲುತ್ತದೆ. ನೋಡುತ್ತ ನಿಂತರೆ, ಮೇಲಕ್ಕೇಕೆ ಹತ್ತಬೇಕು, ಇದರೊಳಗೇ ಇಳಿದುಬಿಡೋಣ ಅನ್ನಿಸುತ್ತದೆ. ಆಮೆಗೆ ಆ ದಾರಿ ಎಂದರೆ ಪ್ರಾಣ.

ಅವನ ಕಚೇರಿ ಮೂರನೆಯ ಮಹಡಿಯಲ್ಲಿ, ಬೇಕೆಂದೇ. ಕೆಳಗೆ ಬೂಟಿನ ಸದ್ದು ಕೇಳಿದೊಡನೆ ಕೂಗುತ್ತಿದ್ದ: "ಬೆಳಿಗ್ಗೆ ಏನು ತಿಂದ್ರಿ? ಹೇಳ್ತಾ ಹತ್ತಿ!" ಹತ್ತುವವನ ಮಾತು ಎಲ್ಲಿ ಕಡಿಯುತ್ತದೋ ಅಲ್ಲಿಗೆ ಅವನ ಉಸಿರಿನ ಅಳತೆ ಸಿಕ್ಕಿತು. ಒಬ್ಬ ದಢೂತಿ ವಕೀಲ ಮೊದಲ ಮಹಡಿಯಲ್ಲಿ "ಮೊಟ್ಟೆ" ಎಂದ, ಎರಡನೆಯದರಲ್ಲಿ "ಬ್ರೆಡ್ಡು" ಎಂದ, ಮೂರನೆಯದಕ್ಕೆ ಬರುವಷ್ಟರಲ್ಲಿ ಏನನ್ನೂ ತಿಂದಿರಲೇ ಇಲ್ಲ. ಅವನೂ ಕೊಳದ ದಾರಿಯಲ್ಲಿ ನಗುನಗುತ್ತ ಹೋಗಿಬಂದ.

ಹೊರಡುವವರಿಗೆಲ್ಲ ಆಮೆ ಹೇಳುತ್ತಿದ್ದದ್ದು ಒಂದೇ ಪಾಠ. "ನಡೀತಾ ಮಾತಾಡೋಕಾಗ್ಬೇಕು. ಮಾತು ನಿಂತ್ರೆ ಕಾಲೂ ನಿಲ್ಲಲಿ. ಬೆಟ್ಟದಲ್ಲಿ ನಾನು ಓಡಿದವನೇ ಅಲ್ಲ. ಎಂದಾದ್ರೂ ನಾನು ಓಡೋದು ಕಂಡ್ರೆ ನೀವೂ ಓಡಿ, ಕಾರಣ ಕೇಳ್ಬೇಡಿ." ಎಲ್ಲರೂ ನಗುತ್ತಿದ್ದರು. ತಮಾಷೆಯೇ ಆಗಿತ್ತು ಆಗ.

ಗುಂಪುಗಳನ್ನು ಕರೆದೊಯ್ಯುವ ಗೈಡ್ ಅವನ ಒಬ್ಬಳೇ ಮಗಳು. ಆ ಬೇಸಿಗೆಯಲ್ಲಿ ನಿವೃತ್ತರ ಒಂದು ಗುಂಪು ಬಂತು. ಹೊರಡುವ ಹಿಂದಿನ ಮಧ್ಯಾಹ್ನ ಅವಳು ನನ್ನ ಅಂಗಡಿಯಲ್ಲಿ ಕೂತು ಬೂಟಿಗೆ ಎಣ್ಣೆ ಸವರುತ್ತಿದ್ದಳು. ನಾನು ಬೂಟು ರಿಪೇರಿಯವನು. ಅವಳಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

"ಅಪ್ಪಾ, ಹೋದ ಸಲ ಕೊಳದ ದಂಡೆ ಸ್ವಲ್ಪ ಕುಸಿದಿತ್ತು. ನೀರು ಹೊರಗೆ ಬರೋ ಬಾಯಿಗೇ ಮಂಜುಗಡ್ಡೆ ಬಿದ್ದಿದೆ. ಡೇರೆ ಪಕ್ಕದ ದಿಬ್ಬದ ಮೇಲೆ ಹಾಕ್ಲಾ?"

"ದಿಬ್ಬದಿಂದ ಏನು ಕಾಣುತ್ತೆ? ನಿನ್ನ ಮೂಗು! ಅಷ್ಟು ದೂರ ಬಂದವ್ರಿಗೆ ಕೊಳ ತೋರಿಸಲ್ವಾ?"

"ತೋರಿಸ್ತೀನಿ. ಅದರ ಬುಡದಲ್ಲಿ ಮಲಗೋದು ಬೇಡ ಅಂದೆ."

"ನಾನು ಮಲಗೀ ಮಲಗೀ ಆ ಹುಲ್ಲಲ್ಲಿ ನನ್ನ ಬೆನ್ನಿನ ಅಚ್ಚು ಬಿದ್ದಿದೆ ಕಣೇ. ಹೋಗಿ ಅಲ್ಲೇ ಹಾಕು."

ಅವಳು ಮತ್ತೆ ಬೂಟಿಗೆ ಎಣ್ಣೆ ಸವರತೊಡಗಿದಳು. ಅಪ್ಪನಿಗೆ ಎದುರಾಡದ ಮಗಳೇನಲ್ಲ, ಊಟಕ್ಕೆ ಕೂತರೆ ಉಪ್ಪಿಗೂ ಜಗಳವಾಡುತ್ತಿದ್ದಳು. ದಾರಿಯ ವಿಷಯದಲ್ಲಿ ಮಾತ್ರ ಅವನ ಮಾತು ಮೀರಿದವಳಲ್ಲ.

ಅವರು ಹೊರಟರು. ಬಿಸಿಲೇರಿತು. ಎಂಥ ಬಿಸಿಲೆಂದರೆ ಬೀದಿಯ ನಾಯಿಗಳು ತಮ್ಮ ನೆರಳಿನಲ್ಲೇ ಮಲಗಲು ನೋಡಿ, ಗಿರಗಿರ ಸುತ್ತಿ ಸುಸ್ತಾಗುತ್ತಿದ್ದವು. ಮೂರನೆಯ ದಿನ ಬೆಳಿಗ್ಗೆ ಆಮೆಯ ಹೆಂಡತಿ ಮನೆಯ ಹಿಂದಿನ ತೊರೆಯಲ್ಲಿ ಹೋಟೆಲಿನ ಕಂಬಳಿ ಒಗೆಯುತ್ತಿದ್ದಳು. ಅದು ಅವಳ ಕಸುಬು.

"ರೀ, ಬನ್ರಿ ಇಲ್ಲಿ. ಕಂಬಳಿ ಸೋಪು ಬಿಡ್ತಾನೇ ಇಲ್ಲ."

"ಪ್ರೀತಿ ಇರ್ಬೇಕು ಬಿಡು."

"ತಮಾಷೆ ಸಾಕು. ಮೊನ್ನೆ ಮಂಡಿವರೆಗೆ ನೀರಿತ್ತು, ಇವತ್ತು ಹಿಮ್ಮಡಿ ನೆನೀತಿಲ್ಲ. ಮೇಲೆ ಯಾರೋ ಕುಡೀತಾ ಇದ್ದಾರೆ ನೋಡಿ."

ನಗಲು ಬಾಯಿ ತೆರೆದವನು ತೊರೆಯ ಕಡೆ ಬಗ್ಗಿ ನೋಡಿದ. ಎಂದೂ ಬಿಸಿಲು ಕಾಣದ ಕಲ್ಲುಗಳು ಹಲ್ಲು ಕಿರಿದು ಒಣಗುತ್ತಿದ್ದವು. ಇಂಥ ಬಿಸಿಲಿಗೆ ಮೇಲಿನ ಮಂಜು ಕರಗಿ ತೊರೆ ಭೋರ್ಗರೆಯಬೇಕು. ನೀರು ಬರುತ್ತಿಲ್ಲವೆಂದರೆ ಎಲ್ಲೋ ನಿಂತಿದೆ. ಎಲ್ಲಿ ನಿಂತಿದೆ ಎಂಬುದು ಅವನಿಗೆ ಗೊತ್ತಿತ್ತು. ಅದರ ಬುಡದಲ್ಲಿ ಇಂದು ಯಾರು ಡೇರೆ ಹಾಕುತ್ತಾರೆ ಎಂಬುದೂ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಆವತ್ತು ನೀರೇ ಊರಿಗೆ ಬರಲು ಸಿದ್ಧವಾಗುತ್ತಿತ್ತು.

"ಬೀದಿಯವ್ರನ್ನೆಲ್ಲ ಶಾಲೆ ಗುಡ್ಡಕ್ಕೆ ಹತ್ತಿಸು. ಬೈದ್ರೂ ಬಿಡ್ಬೇಡ."

"ನೀವೆಲ್ಲಿಗೆ? ಮಗಳಿಗೆ ಒಂದು ಫೋನ್ ಮಾಡ್ರೀ!"

ಕಣಿವೆಯ ತಿರುವು ದಾಟಿದರೆ ಫೋನು ಬರೀ ಕೈಗನ್ನಡಿ. ಅವನು ಆಗಲೇ ಏಣಿದಾರಿಯ ಕಡೆ ಓಡುತ್ತಿದ್ದ.

ನನ್ನ ಅಂಗಡಿಯ ಮುಂದೆಯೇ ಹೋದ. "ಏನೋ ಆಮೆ, ಮೊಲ ಗೆದ್ದುಬಿಡ್ತಾ?" ಎಂದೆ. ನಿದ್ದೆಯಲ್ಲೂ ಮಾತು ನಿಲ್ಲಿಸದ ಮನುಷ್ಯ, ತಿರುಗಿ ಒಂದು ಬೈಗುಳವನ್ನೂ ಕೊಡಲಿಲ್ಲ. ನನ್ನ ಕೈಯ ಸೂಜಿ ಅಲ್ಲೇ ನಿಂತಿತು.

ಮುಂದಿನದು ಮಗಳು ಹೇಳಿದ್ದು. ಹುಲ್ಲುಗಾವಲಿನಲ್ಲಿ ಡೇರೆ ಎದ್ದಿತ್ತು, ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. "ಎಷ್ಟು ಶಾಂತ ಅಲ್ವಾ!" ಎಂದರು ಒಬ್ಬ ಹಿರಿಯ ಹೆಂಗಸು. ನಿಜಕ್ಕೂ ಶಾಂತ. ಒಂದು ಹಕ್ಕಿಯಿಲ್ಲ, ಜುಳುಜುಳು ಇಲ್ಲ. ಮೇಲೆ ಕೊಳದ ದಂಡೆ ಮಾತ್ರ ಜ್ವರ ಬಂದವನ ಹಣೆಯಂತೆ ಬೆವರುತ್ತಿತ್ತು. ಅವಳ ಕಣ್ಣು ಮತ್ತೆ ಮತ್ತೆ ದಿಬ್ಬದ ಕಡೆ ಹೋಗುತ್ತಿತ್ತು, ಅಪ್ಪನ ಮಾತು ನೆನೆದು ಹಿಂದಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಆ ಹೆಂಗಸು ಬಂಡೆಗಳ ಕಡೆ ಕೈ ತೋರಿಸಿದರು. "ಅಲ್ನೋಡಮ್ಮ, ಯಾರೋ ಓಡ್ತಾ ಬರ್ತಿದ್ದಾರೆ. ಎಷ್ಟು ಚುರುಕು!"

ಎಡಗೈಯನ್ನು ದೋಣಿಯ ಹುಟ್ಟಿನಂತೆ ಬೀಸುವ ಆ ನಡಿಗೆ ಜಗತ್ತಿನಲ್ಲಿ ಒಬ್ಬನದೇ. ಅವನು ಬಾಯಿ ತೆರೆದ, ದನಿ ಹೊರಡಲಿಲ್ಲ. ಮಾತು ನಿಂತಿತ್ತು, ಕಾಲು ನಿಂತಿರಲಿಲ್ಲ. ಅವಳು ಸೌಟು ಎಸೆದಳು.

"ಎಲ್ಲಾ ಬಿಡಿ! ದಿಬ್ಬಕ್ಕೆ ಓಡಿ!"

"ನನ್ನ ಕನ್ನಡಕ..."

"ಮೊದ್ಲು ಕಣ್ಣು ಉಳೀಲಿ, ಓಡೀಮ್ಮಾ!"

ಕೊನೆಯವರನ್ನು ಕೈಹಿಡಿದು ದಿಬ್ಬಕ್ಕೆ ಎಳೆದುಕೊಳ್ಳುವಾಗ ದಂಡೆ ಬಾಯಿಬಿಟ್ಟಿತು. ಕೊಳ ಎದ್ದು ನಿಂತಿತು, ಅಂದಳು ಅವಳು. ತಲೆಕೆಳಗಾದ ಪರ್ವತವನ್ನು ಹೊತ್ತುಕೊಂಡೇ ಇಳಿಯಿತು. ಹುಲ್ಲು, ಡೇರೆ, ಅಪ್ಪನ ಬೆನ್ನಿನ ಅಚ್ಚು, ಯಾವುದೂ ಉಳಿಯಲಿಲ್ಲ.

ಕೆಳಗೆ ಶಾಲೆ ಗುಡ್ಡದ ಮೇಲೆ ಕೂತು ಆಮೆಯ ಹೆಂಡತಿಯನ್ನು ಬೈಯುತ್ತಿದ್ದ ನಾವು, ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದೆವು. ಒಗೆಯುವ ಕಲ್ಲು ಹೋಯಿತು, ಕಂಬಳಿಗಳು ಹೋದವು. ನನ್ನ ಅಂಗಡಿಯ ಬೂಟುಗಳೆಲ್ಲ ಕಾಲುಗಳ ಹಂಗಿಲ್ಲದೆ ತಾವೇ ನಡೆದುಹೋದವು. ಜನ ಉಳಿದೆವು.

ಬಂಡೆಗಳ ಮೇಲೆ ಕುಸಿದಿದ್ದ ಅಪ್ಪನನ್ನು ಮಗಳು ಬೆನ್ನ ಮೇಲೆ ಹೊತ್ತು ತಂದಳು. ಅವನು ಬದುಕಿದ, ಉಸಿರು ಮಾತ್ರ ಪೂರ್ತಿ ವಾಪಸ್ಸು ಬರಲಿಲ್ಲ.

ಈಗ ಮೂರನೆಯ ಮಹಡಿಯಲ್ಲಿ ಕೂರುವವಳು ಅವಳು. ಹೋದ ವಾರ ಮೆಟ್ಟಿಲಲ್ಲಿ ಸದ್ದಾಯಿತು. ತಲೆಯೆತ್ತದೆ ಕೂಗಿದಳು: "ಬೆಳಿಗ್ಗೆ ಏನು ತಿಂದ್ರಿ? ಹೇಳ್ತಾ ಹತ್ತಿ!"

"ಹಾ..." ಎಂದಿತು ಕೆಳಗಿನಿಂದ ಒಂದು ದನಿ. ತುಂಬಾ ಹೊತ್ತು ಬಿಟ್ಟು "...ಲು" ಎಂದಿತು. ಆಮೇಲೆ ಏನೂ ಇಲ್ಲ.

ಅವಳು ಎದ್ದು ಬಂದು ಮೆಟ್ಟಿಲ ಕಟಕಟೆ ಹಿಡಿದು ಬಗ್ಗಿದಳು. "ಅಪ್ಪಾ, ನಿನಗೆ ಯಾವ ದಾರೀನೂ ಕೊಡಲ್ಲ. ಅಲ್ಲೇ ಕೂತ್ಕೋ, ಬಂದೆ."

ಅವನು ಮೆಟ್ಟಿಲ ಮೇಲೆ ಕೂತು ನಕ್ಕನಂತೆ. ಭುಜ ಕುಣಿಯಿತು, ಸದ್ದು ಬರಲಿಲ್ಲ.

ಮೇಲೆ ಮಂಜುಗಡ್ಡೆ ಮತ್ತೆ ಕೊಳದ ಬಾಯಿ ಕಟ್ಟಿದೆ, ಕೊಳ ಮತ್ತೆ ತುಂಬುತ್ತಿದೆ ಎಂದು ಅವಳು ಹೇಳುತ್ತಾಳೆ. ಬಿಸಿಲೂ ಶುರುವಾಗಿದೆ. ಆಮೆ ದಿನಾ ಬೆಳಿಗ್ಗೆ ತೊರೆಯ ದಡದಲ್ಲಿ ಕೂತು ಹಿಮ್ಮಡಿಯನ್ನು ನೀರಿಗೆ ಇಳಿಬಿಡುತ್ತಾನೆ. ನಾವ್ಯಾರೂ ತೊರೆಯನ್ನು ನೋಡುವುದಿಲ್ಲ, ಅವನನ್ನು ನೋಡುತ್ತೇವೆ. ಅವನು ಕೂತಿದ್ದರೆ ಅಂಗಡಿ ತೆರೆಯುತ್ತೇವೆ. ಎದ್ದು ನಿಂತರೆ, ಅವನಿಗಂತೂ ಓಡಲು ಉಸಿರಿಲ್ಲ, ಓಡಬೇಕಾದವರು ನಾವು.