ಮೇಲಿನ ಕಂಪ್ಯೂಟರಿಗೆ ಇಟ್ಟ ಹೆಸರು

ನನ್ನ ಮಗಳ ಲಗ್ನಪತ್ರಿಕೆಯಲ್ಲಿ ನನ್ನ ಹೆಸರೇ ಇರಬೇಕು ಎಂದು ನಾನು ಹಟ ಹಿಡಿದೆ. ಅದರಲ್ಲಿ ಹಟ ಹಿಡಿಯುವಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ಇದೆ. ಮದುವೆಯಾಗಿ ಮದ್ದೂರಿನ ಈ ಮನೆಯ ಹೊಸಿಲು ದಾಟಿದ ದಿನವೇ ನನ್ನ ಹೆಸರನ್ನು ತೆಗೆದು ಬೇರೊಂದು ಇಟ್ಟರು. ಕಾರಣ ಇಷ್ಟೇ, ನನ್ನ ಹೆಸರೂ ಅತ್ತೆಯ ಹೆಸರೂ ಒಂದೇ. ಗಂಡ ನನ್ನನ್ನು ಕೂಗಿದರೆ ಹೆತ್ತ ತಾಯಿಯನ್ನು ಹೆಸರು ಹಿಡಿದು ಕೂಗಿದಂತಾಗುತ್ತದೆ, ಮಾವ ತಮ್ಮ ಹೆಂಡತಿಯನ್ನು ಕರೆದರೆ ಸೊಸೆ ಓಡಿ ಬರುತ್ತಾಳೆ. "ಒಂದು ಮನೇಲಿ ಒಂದೆಸ್ರು ಎರಡು ಬ್ಯಾಡ ಕಣಪ್ಪ, ಆಮ್ಯಾಕೆ ಬಂದೋಳ್ದ ಬದ್ಲಾಯ್ಸಿ" ಎಂದು ಮಾವ ತೀರ್ಪು ಕೊಟ್ಟರು. ಕೊಪ್ಪದಿಂದ ನನ್ನನ್ನು ಬಿಡಲು ಬಂದಿದ್ದ ನಮ್ಮಪ್ಪ ತಲೆಯಾಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಆ ಹೊಸ ಹೆಸರಿಗೆ ಓಗೊಟ್ಟಿದ್ದೇನೆ, ರೇಷನ್ ಕಾರ್ಡಿನಲ್ಲೂ ಅದೇ ಇದೆ. ಆದರೆ ನಾನು ಹೆತ್ತ ಮಗಳ ಪತ್ರಿಕೆಯಲ್ಲಿ, ಹೆತ್ತವಳ ಜಾಗದಲ್ಲಿ, ನನ್ನ ಅಪ್ಪ ಅವ್ವ ಇಟ್ಟ ಹೆಸರೇ ಬರಬೇಕು ಅಂತ ನನಗೆ ಅನ್ನಿಸಿತು. ಅನ್ನಿಸಿದ ಮೇಲೆ ನಾನು ಸುಮ್ಮನಿರುವ ಜಾಯಮಾನದವಳಲ್ಲ.

ನನ್ನ ಗಂಡ ಒಪ್ಪಲಿಲ್ಲ. ಪತ್ರಿಕೆಯಲ್ಲಿ ಮೊದಲು ಅಜ್ಜ ಅಜ್ಜಿಯ ಹೆಸರು ಬರುತ್ತದೆ, ಅದರ ಕೆಳಗೆ ತಂದೆ ತಾಯಿಯದು. ಮೇಲೆ ಅತ್ತೆಯ ಹೆಸರು, ಕೆಳಗೆ ಅದೇ ಹೆಸರು ನನ್ನದು. "ಜನ ಪ್ರಿಂಟ್ ಮಿಸ್ಟೇಕು ಅಂತಾರೆ. ಊರೋರ ಪತ್ರಿಕೆನೆಲ್ಲ ಮಾಡೋಳ್ಗೆ ತನ್ ಮಗಳ ಪತ್ರಿಕೆ ಮಾಡಾಕ್ ಬರ್ನಿಲ್ಲ ಅಂತ ಮಳವಳ್ಳಿ ಬೀಗ್ರು ಆಡ್ಕೊಂಡ್ ನಗ್ತಾರೆ" ಎಂದರು. ನಗಲಿ ಬಿಡಿ ಎಂದೆ.

ಅವರು ಹೇಳಿದ್ದರಲ್ಲಿ ಒಂದು ಮಾತು ನಿಜ. ಲಗ್ನಪತ್ರಿಕೆ ಮಾಡುವುದೇ ನನ್ನ ಕಸುಬು. ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆ ಜೋಡಿಸುತ್ತೇನೆ, ಅದು ಮಂಡ್ಯದ ಪ್ರೆಸ್ಸಿಗೆ ಹೋಗಿ ಅಚ್ಚಾಗುತ್ತದೆ. ನಿಡಘಟ್ಟದಿಂದ ಮಳವಳ್ಳಿಯವರೆಗೆ ಎಷ್ಟೋ ಮನೆಗಳ ಮದುವೆ ನನ್ನ ಕೈಯಲ್ಲಿ ಹಾದು ಹೋಗಿದೆ. ಆದರೆ ಅರ್ಧ ಕೆಲಸ ನನ್ನದು, ಅರ್ಧ ಅತ್ತೆಯದು. ಅತ್ತೆ ಆ ಕಾಲಕ್ಕೇ ಹೈಸ್ಕೂಲು ಮುಗಿಸಿದವರು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಮುಂದೆ ಚಿಕ್ಕಪ್ಪ ಬಂದರೆ, ಸೋದರಮಾವನ ಹೆಸರೇ ಬಿಟ್ಟು ಹೋದರೆ, ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಅಂಥ ಒಂದು ತಪ್ಪಿಗೆ ಮದುವೆಗೇ ಬಾರದೆ ಮುನಿಸಿಕೊಂಡು ಕೂತವರನ್ನು ನಾನು ಕಂಡಿದ್ದೇನೆ. ಅತ್ತೆ ನೋಡಿ ಸರಿ ಎನ್ನದೆ ನನ್ನ ಯಾವ ಪತ್ರಿಕೆಯೂ ಮಂಡ್ಯದ ದಾರಿ ಹಿಡಿದಿಲ್ಲ.

ಅತ್ತೆಗೆ ಮಂಡಿನೋವು, ಮಹಡಿ ಹತ್ತಲಾರರು. ಕಣ್ಣಿನ ಆಪರೇಶನ್ ಆದ ಮೇಲೆ ಫೋನಿನ ಸಣ್ಣ ಅಕ್ಷರವೂ ಆಗದು. ಹಾಗಾಗಿ ಮಗಳ ಹಳೆಯ ಕಂಪ್ಯೂಟರನ್ನು ಕೆಳಗೆ ಹಾಲಿನಲ್ಲಿ ಅವರಿಗೆಂದೇ ಇಟ್ಟಿದ್ದೆವು. ನಾನು ಮೇಲೆ ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದು ತೋರಿಸುತ್ತಿದ್ದೆ. ಒಮ್ಮೆ ಮಳವಳ್ಳಿಯ ಯಾವುದೋ ಸೈಬರ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕು ಮೇಲಿನ ಕಂಪ್ಯೂಟರು ಕೆಟ್ಟು ಕೂತಿತು. "ಇನ್ಮ್ಯಾಕೆ ಆ ಕಡ್ಡೀನ ನನ್ ಕಂಪ್ಯೂಟ್ರಿಗೆ ಚುಚ್ಚಬ್ಯಾಡ ಕಣವ್ವ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹಬ್ಬದ ಹೊತ್ತಿಗೆ ಮೇಲೆ ಬೇರೆ ಕಂಪ್ಯೂಟರು ಬಂತು. ಎರಡೂ ಒಂದೇ ವೈಫೈಯಲ್ಲಿವೆ, ಒಂದು ಫೋಲ್ಡರು ಶೇರ್ ಮಾಡಿದರೆ ನೀನು ಮೇಲೆ ಮಾಡಿದ್ದು ಅವ್ವನಿಗೆ ಕೆಳಗೇ ಕಾಣುತ್ತದೆ ಎಂದು ಗಂಡ ಹೇಳಿದರು. ಹೇಳುವುದಕ್ಕೇನು. ಒಂದು ಕಂಪ್ಯೂಟರಿಗೆ ಇನ್ನೊಂದು ಕಾಣಲೇ ಇಲ್ಲ.

ನಾಳೆ ಬೆಳಿಗ್ಗೆ ಅಚ್ಚಿಗೆ ಹಾಕುತ್ತೇವೆ, ಇವತ್ತು ಐದು ಗಂಟೆಯೊಳಗೆ ಫೈಲು ಕಳಿಸಿ ಎಂದು ಪ್ರೆಸ್ಸಿನವರು ಹೇಳಿದ ದಿನ ಗಂಡ ಒಂದು ಉಪಾಯ ಹೇಳಿದರು. "ಅವ್ವಂಗೆ ತೋರ್ಸಾದೇ ಬ್ಯಾಡ. ಈ ಮನೆ ಎಸ್ರೇ ಆಕಿ ಕಳ್ಸಿಬುಡು. ಯಾಕ್ ಸುಮ್ಕೆ ತಲೆನೋವು." ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಸರನ್ನು ಹಾಕುವುದಾದರೆ ಅತ್ತೆಯ ಕಣ್ಣೆದುರೇ ಹಾಕುತ್ತೇನೆ, ಅವರು ಬೇಡ ಎಂದರೆ ನನ್ನ ಮುಖ ನೋಡಿ ಬೇಡ ಎನ್ನಲಿ. ಕದ್ದು ಹಾಕಲೂ ಒಲ್ಲೆ, ಕದ್ದು ತೆಗೆಯಲೂ ಒಲ್ಲೆ ಎಂದು ಹೇಳಿ ಮಹಡಿ ಹತ್ತಿದೆ.

ಮೊದಲು ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಎರಡೂ ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ. ಶೇರಿಂಗ್ ಎಂಬುದು ಎರಡರಲ್ಲೂ ಆಫ್ ಆಗಿತ್ತು, ಆನ್ ಮಾಡಿದೆ. ಕೆಳಗಿನದು ನಮ್ಮ ಮನೆಯ ವೈಫೈಯನ್ನೇ ಹೊರಗಿನವರ ವೈಫೈ ಎಂದುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಮುಖದ ತುಂಬ ಸೆರಗು ಹೊದ್ದು ಕೂತವಳಂತೆ ತನ್ನನ್ನು ತಾನು ಮರೆಮಾಡಿಕೊಂಡಿತ್ತು. ಅದನ್ನೂ ಸರಿಮಾಡಿದೆ. ಪ್ರತಿಯೊಂದಕ್ಕೂ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಅತ್ತೆ ಕೆಳಗಿನಿಂದ "ಇಲ್ಲ ಕಣಮ್ಮ, ಏನೂ ಬರ್ನಿಲ್ಲ" ಎನ್ನುತ್ತಲೇ ಇದ್ದರು.

ಮಂಡ್ಯದ ಒಬ್ಬ ರಿಪೇರಿಯವನಿಗೆ ಫೋನು ಮಾಡಿದೆ. ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಆತ ಪೂರ್ತಿ ಕೇಳಿಸಿಕೊಳ್ಳದೆ, "ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ" ಎಂದ. ಗಂಡಸರಿದ್ದಾರೆ, ಅವರಿಗೆ ನಾನೇ ಹೇಳಿಕೊಡಬೇಕು, ಏನು ಹೇಳುವುದಿದೆಯೋ ನನಗೇ ಹೇಳಿ ಎಂದೆ. "ಹಂಗಾದ್ರೆ ಎರಡನ್ನೂ ತಂದ್‌ಬಿಡಿ, ಫಾರ್ಮ್ಯಾಟ್ ಹೊಡಿಬೇಕು" ಎಂದ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ಅಳಿಸುವುದೊಂದು ಇವರಿಗೆ ಎಷ್ಟು ಸಲೀಸು ಅನ್ನಿಸಿ ಫೋನು ಇಟ್ಟೆ. ಅವತ್ತು ನನ್ನ ಕೋಪ ಯಾರ ಮೇಲೆ ತಿರುಗುತ್ತಿತ್ತೋ ನನಗೇ ಗೊತ್ತಿರಲಿಲ್ಲ.

ಮನೆಯ ಒಂದೊಂದು ಕಂಪ್ಯೂಟರಿಗೂ ವೈಫೈ ಪೆಟ್ಟಿಗೆ ಒಂದೊಂದು ನಂಬರು ಕೊಟ್ಟಿರುತ್ತದೆ. ಕೆಳಗಿನದರ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಮೇಲಿನಿಂದ ಆ ನಂಬರನ್ನು ಕರೆದೆ. ಉತ್ತರ ಬಂತು. ಅಂದರೆ ದಾರಿ ಸರಿಯಾಗಿಯೇ ಇದೆ. ಆದರೆ ಒಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ಕೇಳಿತು, ಕೊಟ್ಟರೆ ತಪ್ಪು ಎಂದಿತು, ಮತ್ತೆ ಕೊಟ್ಟರೆ ಮತ್ತೆ ತಪ್ಪು ಎಂದಿತು. ನಂಬರಿಗೆ ಓಗೊಡುವ ಯಂತ್ರ ನನ್ನನ್ನು ಯಾಕೆ ಒಳಗೆ ಬಿಡುವುದಿಲ್ಲ ಎಂದು ತಲೆ ಕೆಟ್ಟು ಹೋಯಿತು. ಆಗ ನೆಟ್‌ವರ್ಕಿನ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದೆ. ಅಲ್ಲಿ ಒಂದೇ ಕಂಪ್ಯೂಟರು ಇತ್ತು, ಅದರ ಹೆಸರು ನಮ್ಮ ಮನೆದೇವರ ಹೆಸರು. ಒತ್ತಿದರೆ ಒಳಗೆ ನನ್ನವೇ ಪತ್ರಿಕೆಗಳು. ಕೆಳಗೆ ಓಡಿ ಹೋಗಿ ಅತ್ತೆಯದನ್ನು ನೋಡಿದೆ. ಅಲ್ಲೂ ಒಂದೇ ಕಂಪ್ಯೂಟರು, ಅದೇ ದೇವರ ಹೆಸರು, ಒತ್ತಿದರೆ ಒಳಗೆ ಅತ್ತೆಯ ಭಜನೆಗಳು. ಎರಡೂ ತಂತಮ್ಮನ್ನೇ ಕರೆದುಕೊಂಡು ತಂತಮಗೇ ಓಗೊಟ್ಟುಕೊಂಡು ಕೂತಿದ್ದವು.

ಊಟಕ್ಕೆ ಬಂದ ಗಂಡನನ್ನು ಬಾಗಿಲಲ್ಲೇ ಹಿಡಿದೆ.

"ಎರಡು ಕಂಪ್ಯೂಟ್ರಿಗೂ ಒಂದೇ ಎಸ್ರು ಇಟ್ಟಿದ್ದೀರಾ?"

"ಇನ್ನೇನಿಡ್ಬೇಕಾಗಿತ್ತು? ಮನೆದ್ಯಾವ್ರ ಎಸ್ರು ಬುಟ್ಟು ಬ್ಯಾರೆ ಇಡ್ತಾರಾ?"

ಅವರ ಮಾತೂ ಸುಳ್ಳಲ್ಲ. ನಮ್ಮ ಟ್ರ್ಯಾಕ್ಟರಿನ ಮೇಲೆ ಆ ಹೆಸರಿದೆ, ಸ್ಕೂಟರಿನ ಮೇಲಿದೆ, ಗೇಟಿನ ಮೇಲಿದೆ, ಗದ್ದೆಯ ಪಂಪಿನ ಪೆಟ್ಟಿಗೆಯ ಮೇಲೂ ಇದೆ. ಕೆಳಗಿನದಕ್ಕೆ ಎಂದೋ ಇಟ್ಟಿದ್ದರು. ಆಯುಧಪೂಜೆಯ ದಿನ ಹೊಸದಕ್ಕೆ ಕುಂಕುಮ ಹಚ್ಚಿ, ಕೈಮುಗಿದು, ಅದಕ್ಕೂ ಅದನ್ನೇ ಇಟ್ಟಿದ್ದರು. ಎರಡು ಟ್ರ್ಯಾಕ್ಟರಿಗೆ ಒಂದೇ ಹೆಸರಿದ್ದರೆ ಉಳುಮೆ ನಿಲ್ಲುವುದಿಲ್ಲ. ಕಂಪ್ಯೂಟರುಗಳು ಹೆಸರು ಹಿಡಿದೇ ಒಂದನ್ನೊಂದು ಹುಡುಕುತ್ತವೆ, ಎರಡಕ್ಕೂ ಒಂದೇ ಇದ್ದರೆ ನಡೆಯುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಹೇಳಿದ್ದೇ ತಪ್ಪಾಯಿತು.

ಅವರ ಮುಖ ಅರಳಿತು. "ನೋಡ್ದಾ, ನಮ್ಮಪ್ಪ ಏಳಿದ್ದು ಸರಿಯಾಗೈತೆ. ಒಂದು ಮನೇಲಿ ಒಂದೆಸ್ರು ಎರಡಿದ್ರೆ ಮಿಷಿನ್ನೇ ಒಪ್ಪಾಕಿಲ್ಲ. ಆಮ್ಯಾಕೆ ಬಂದಿದ್ದುದ್ದ ಬದ್ಲಾಯ್ಸು, ಸರೋಯ್ತದೆ" ಎಂದು ನಕ್ಕರು.

ಇಪ್ಪತ್ತೈದು ವರ್ಷ ನುಂಗಿಕೊಂಡಿದ್ದು ಆಗ ಬಾಯಿಗೆ ಬಂತು. "ಮಿಷಿನ್ನಿಗೆ ಕಣ್ಣಿಲ್ಲ ಕಣ್ರೀ" ಎಂದೆ. "ಅದ್ಕೆ ಎಸ್ರು ಬುಟ್ರೆ ಬ್ಯಾರೇನೂ ಗೊತ್ತಾಗಾಕಿಲ್ಲ. ನಿಮ್ಗೆಲ್ಲ ಕಣ್ಣಿತ್ತಲ್ಲ. ಅವ್ವ ಯಾರು, ಎಂಡ್ರು ಯಾರು ಅಂತ ನಿಮ್ಗೂ ಗೊತ್ತಾಯ್ತಿರ್ನಿಲ್ವಾ? ನನ್ನೆಸ್ರು ತಗೀವಾಗ ನನ್ನನ್ನ ಒಂದ್ ಮಾತು ಕೇಳುದ್ರಾ?"

ಹಾಲಿನಲ್ಲಿ ಅತ್ತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ತಿರುಗಿ ನೋಡಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ಹೇಳುವಂತಿರಲಿಲ್ಲ, ನನ್ನ ದನಿ ಬೀದಿಗೇ ಕೇಳುವಂತಿತ್ತು. ಗಂಡ ಊಟಕ್ಕೆ ಕೂತು ಅನ್ನ ಕಲಸಿದರು. ಆಮೇಲೆ, "ಆಯ್ತು ಕಣೆ, ನಿನ್ನೆಸ್ರೇ ಆಕ್ಕೊ. ಆದ್ರೆ ಪಕ್ಕದಲ್ಲಿ ಅಲಿಯಾಸ್ ಅಂತ ಆಕಿ ಈ ಮನೆ ಎಸ್ರೂ ಸೇರ್ಸು. ಜನಕ್ಕೆ ಯಾರು ಅಂತ ಗೊತ್ತಾಗ್ಬೇಕಲ್ಲ" ಎಂದರು. ಹೊತ್ತಾಗುತ್ತಿತ್ತು, ನನಗೂ ಹತ್ತಿ ಇಳಿದು ಸಾಕಾಗಿತ್ತು. ಮೇಲೆ ಹೋಗಿ ನನ್ನ ಹೆಸರು ಟೈಪು ಮಾಡಿ, ಮುಂದೆ ಅಲಿಯಾಸ್ ಎಂದು ಹಾಕಿ, ಆ ಇನ್ನೊಂದು ಹೆಸರನ್ನೂ ಸೇರಿಸಿದೆ. ಸೇರಿಸುವಾಗ ಸೋತೆ ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಉಳಿದದ್ದು ಕಂಪ್ಯೂಟರಿನ ಹೆಸರು. ದೇವರ ಹೆಸರನ್ನು ಅತ್ತೆಯ ಕಂಪ್ಯೂಟರಿಗೇ ಬಿಟ್ಟೆ. ನನ್ನದಕ್ಕೆ ಏನಿಡುವುದು? "ಆಫೀಸ್ ಅಂತಿಡು, ಇಲ್ದಿದ್ರೆ ಮಗಳೆಸ್ರಿಡು" ಎಂದು ಗಂಡ ಮೆಟ್ಟಿಲ ಬಳಿ ನಿಂತು ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಹೆಸರನ್ನು ಹೊಡೆದೆ, ಅಪ್ಪ ಅವ್ವ ಇಟ್ಟದ್ದನ್ನು. ಈ ಮನೆಯ ಒಂದು ವಸ್ತುವಿನ ಮೇಲೆ ಅದನ್ನು ಬರೆದದ್ದು ಅದೇ ಮೊದಲು. ಕಂಪ್ಯೂಟರು ಆರಿ ಮತ್ತೆ ಶುರುವಾಯಿತು. ಕೆಳಗೆ ಅತ್ತೆಗೆ ಪಟ್ಟಿಯನ್ನು ಮತ್ತೆ ತೆರೆಯಲು ಹೇಳಿ ಮೆಟ್ಟಿಲ ಮೇಲೆ ಬಂದು ಕೂತೆ.

ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಇನ್ನೊಂದು ಬಂತು ಕಣಮ್ಮ. ನನ್ನೆಸ್ರು ಬರ್ದದೆ ಇದ್ರಲ್ಲಿ."

"ನಿಮ್ದಲ್ಲ ಅತ್ತೆ" ಎಂದೆ. "ಅದು ನಂದು."

ಅತ್ತೆ ಮೌಸ್ ಒತ್ತಿದ ಸದ್ದು ಕೇಳಿತು, ಫೋಲ್ಡರು ತೆರೆಯಿತು, ಪತ್ರಿಕೆ ತೆರೆಯಿತು. ಕನ್ನಡಕ ಸರಿಮಾಡಿಕೊಂಡು ಎಂದಿನಂತೆ ಜೋರಾಗಿ ಓದತೊಡಗಿದರು. ಮಾವನ ಹೆಸರಿನ ಹಿಂದೆ ದಿವಂಗತ ಎಂದಿರುವುದನ್ನು ಓದಿದರು, ತಮ್ಮ ಹೆಸರು ಓದಿದರು. ಮಗನ ಹೆಸರು ಓದಿದರು. ಆಮೇಲೆ ನನ್ನ ಹೆಸರಿಗೆ ಬಂದು ನಿಂತರು. ಬೇಡ ಎಂದರೆ ಜಗಳಕ್ಕೆ ನಿಲ್ಲಲು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ.

"ಇದೇನವ್ವ, ಅಲಿಯಾಸ್ ಅಂತ ಆಕಿದ್ದೀಯೆ?"

"ಅವ್ರು ಏಳುದ್ರು ಅತ್ತೆ. ಜನಕ್ಕೆ ಗೊತ್ತಾಗ್ಲಿ ಅಂತ."

"ಪೇಪರ್ನಲ್ಲಿ ಕಳ್ಳರ ಎಸ್ರಿಗೆ ಆಕ್ತಾರೆ ಅದ. ನೀನೇನ್ ಕಳ್ಳತನ ಮಾಡಿದ್ದೀಯಾ? ತಗಿ. ಅದ್ರ ಪಕ್ಕದ ಎಸ್ರೂ ತಗಿ."

ಗಂಡ ಮುಂದೆ ಬಂದರು. "ಅಂಗಲ್ಲ ಕಣವ್ವ, ಮ್ಯಾಲೂ ಅದೇ ಎಸ್ರು, ಕೆಳಗೂ ಅದೇ ಎಸ್ರು. ಯಾರು ಯಾವಳು ಅಂತ ಜನಕ್ಕೆ ಎಂಗ್ ಗೊತ್ತಾಗ್ಬೇಕು?"

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಾಗ್ದಿದ್ರೆ ಬಂದು ಕೇಳ್ಲಿ ಕಣ್ಲಾ. ಇಬ್ರೂ ಮದ್ವೆ ಮನೇಲೇ ಇರ್ತೀವಿ."