ಟ್ಯೂಬಿನಲ್ಲಿ ಬಂದ ಉಸಿರು

ಜಿನ್ನು, ಪ್ರೇತ, ಕನಸಿನಲ್ಲಿ ಬಂದು ಎಚ್ಚರಿಸಿದ ಅಜ್ಜ, ಇಂಥ ಕತೆಗಳು ಶುರುವಾದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವವನು. ಗಲ್ಫಿನ ಕ್ಯಾಂಪುಗಳಲ್ಲಿ ಇವಕ್ಕೆ ಬರವಿಲ್ಲ. ಮರುಭೂಮಿಯಲ್ಲಿ ಹೆಸರು ಹಿಡಿದು ಕರೆಯುವ ದನಿ, ಖಾಲಿ ಕೋಣೆಯಲ್ಲಿ ತಾನಾಗಿ ಸುರಿಯುವ ನಲ್ಲಿ, ಎಲ್ಲ ಕೇಳಿದ್ದೇನೆ, ಒಂದನ್ನೂ ನಂಬಿಲ್ಲ. ಈಗಲೂ ಬೇರೆಯವರು ಹೇಳಿದರೆ ನಂಬುವುದಿಲ್ಲ. ಹಾಗಿರುವಾಗ ನನ್ನದನ್ನು ನೀವು ನಂಬಿ ಎಂದು ಕೇಳಲು ನನಗೆ ಮುಖವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಂಬತ್ತರ ದಶಕದ ನಡುವಿನ ಮಾತು. ಸೌದಿಯ ತಬೂಕಿನಲ್ಲಿ ಒಂದು ದೊಡ್ಡ ಆಸ್ಪತ್ರೆಯ ಕಟ್ಟಡ ಏಳುತ್ತಿತ್ತು. ಭಟ್ಕಳದ ನಮ್ಮವರು ಗಲ್ಫಿಗೆ ಬಂದರೆ ಹೆಚ್ಚಾಗಿ ಬಟ್ಟೆಯಂಗಡಿಯೋ ಅತ್ತರಿನ ಅಂಗಡಿಯೋ ಸೇರುತ್ತಾರೆ. ನನಗೆ ವ್ಯಾಪಾರ ಒಗ್ಗಲಿಲ್ಲ. ಗಿರಾಕಿ ಚೌಕಾಸಿಗೆ ನಿಂತರೆ ಸಿಟ್ಟು ಬರುತ್ತಿತ್ತು. ಹಾಗಾಗಿ ಐಟಿಐ ಕಲಿತದ್ದನ್ನು ನೆಚ್ಚಿಕೊಂಡು ಎ.ಸಿ. ಕಂಪೆನಿಯೊಂದನ್ನು ಸೇರಿದ್ದೆ. ಗಾಳಿಯ ಒತ್ತಡ ಗುರುತಿಸುವ ಸಾಮಾನು ಕೂರಿಸುವುದು ನಮ್ಮ ಕೆಲಸ. ತಣ್ಣನೆಯ ಗಾಳಿ ಹಂಚುವ ತಗಡಿನ ಡಕ್ಟಿಗೆ ತೂತು ಕೊರೆದು ಬೆರಳುದ್ದದ ಹಿತ್ತಾಳೆ ನಳಿಗೆ ಇಳಿಸಬೇಕು. ಅದಕ್ಕೆ ತೆಳ್ಳಗಿನ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಗೋಡೆಗುಂಟ ಇಳಿಸಿ, ಕೆಳಗಿನ ಮಹಡಿಯ ಪ್ಯಾನೆಲ್ಲಿಗೆ ತರಬೇಕು. ಮೇಲೆ ಫ್ಯಾನ್ ತಿರುಗಿ ಗಾಳಿ ಒತ್ತಿದರೆ ಪ್ಯಾನೆಲ್ಲಿನಲ್ಲಿ ಹಸಿರು ದೀಪ ಹತ್ತುತ್ತದೆ. ಇಷ್ಟೇ ವಿದ್ಯೆ.

ನನ್ನ ಜೊತೆಗಾರ ಬಂಟ್ವಾಳದ ಹಸೈನಾರ್ ಕಾಕ, ನನಗಿಂತ ಬಹಳ ದೊಡ್ಡವರು. ಅವರ ಮನೆಮಾತು ಬ್ಯಾರಿ, ನನ್ನದು ನವಾಯತಿ, ಜಗಳವಾಡುವುದೆಲ್ಲ ಕನ್ನಡದಲ್ಲಿ. ಭಟ್ಕಳದವನೆಂದು ನನ್ನನ್ನು "ಸಾಹುಕಾರ್ರೇ" ಎಂದು ಚುಡಾಯಿಸುತ್ತಿದ್ದರು. ಕೆಲಸದಲ್ಲಿ ಮಾತ್ರ ಅವರಷ್ಟು ನಂಬುವಂಥ ಮನುಷ್ಯ ನನಗೆ ಇನ್ನೊಬ್ಬ ಸಿಗಲಿಲ್ಲ.

ವಾಕಿಟಾಕಿ ಇದ್ದದ್ದು ಇಂಜಿನಿಯರುಗಳ ಸೊಂಟದಲ್ಲಿ. ನಮಗೆ ಬಾಯಿಯೇ ವಾಕಿಟಾಕಿ. ಒಂದೇ ಬಣ್ಣದ ಟ್ಯೂಬುಗಳ ರಾಶಿಯಲ್ಲಿ ಯಾವುದು ಯಾವುದೆಂದು ತಿಳಿಯಲು ಕಾಕ ಮೇಲಿನ ತುದಿಗೆ ಬಾಯಿಟ್ಟು ಊದುತ್ತಿದ್ದರು. ನಾನು ಕೆಳಗೆ ಒಂದೊಂದೇ ತುದಿಯನ್ನು ತುಟಿಗೆ ತಾಗಿಸಿ ನೋಡುತ್ತಿದ್ದೆ. ಹೀಗೆ ಊದಿ ಊದಿ ನಮ್ಮದೇ ಒಂದು ಭಾಷೆ ಹುಟ್ಟಿತ್ತು. ಎರಡು ಸಲ ಗಿಡ್ಡಗೆ ಊದಿ ಮೂರನೆಯದನ್ನು ಉದ್ದಕ್ಕೆ ಎಳೆದರೆ, ನಾನು ಫ್ಯಾನಿನ ಹತ್ತಿರ ಇದ್ದೇನೆ, ಸ್ವಿಚ್ಚಿಗೆ ಕೈ ಹಾಕಬೇಡ ಎಂದರ್ಥ. ಕಾಕನಿಗೆ ಸಿಗರೇಟಿನ ಕೆಮ್ಮು. ಉದ್ದದ ಊದು ಕೊನೆಗೆ ಎರಡು ತುಂಡಾಗಿ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಅದರ ನವೀಕರಣಕ್ಕೆಂದು ಕಾಕನನ್ನು ಕಂಪೆನಿಯ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಆ ಕೆಲಸಕ್ಕೆ ಹೋದವರು ಸಂಜೆಗೆ ಮೊದಲು ಬಂದದ್ದಿಲ್ಲ. ನಾನೊಬ್ಬನೇ ಹೊಸ ಟ್ಯೂಬನ್ನು ಎಳೆದು ಮುಗಿಸಿದ್ದೆ. ಮೇಲಿನ ತುದಿಯನ್ನು ಇನ್ನೂ ಡಕ್ಟಿಗೆ ಸಿಕ್ಕಿಸಿರಲಿಲ್ಲ. ಮರಳು ಹೋಗದಂತೆ ಕಪ್ಪು ಟೇಪು ಬಿಗಿಯಾಗಿ ಸುತ್ತಿ, ಫ್ಯಾನ್ ಕೋಣೆಯ ಹೊರಗೋಡೆಯ ಮೊಳೆಗೆ ನೇತುಹಾಕಿ ಇಳಿದು ಬಂದಿದ್ದೆ. ಇದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ.

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಿಗೆ ನಮ್ಮ ಮಿಸ್ರಿ, ಎಂದರೆ ಈಜಿಪ್ಟಿನವನಾದ, ಇಂಜಿನಿಯರ್ ಆಸ್ಪತ್ರೆಯ ಕಡೆಯ ಇಬ್ಬರು ಅಧಿಕಾರಿಗಳನ್ನು ಕರೆದುಕೊಂಡು ಪ್ಯಾನೆಲ್ಲಿನ ಹತ್ತಿರ ಬಂದ. ಫ್ಯಾನ್ ತಿರುಗಿಸಿ ತೋರಿಸು ಎಂದ. ದೀಪ ಹತ್ತುವುದಿಲ್ಲ, ಟ್ಯೂಬಿನ ಕೆಲಸ ಬಾಕಿಯಿದೆ ಎಂದೆ. "ದೀಪ ಬೇಡ, ಫ್ಯಾನ್ ತಿರುಗಿದರೆ ಸಾಕು. ಯಲ್ಲಾ, ಬೇಗ!"

ಸ್ವಿಚ್ಚಿಗೆ ಅಡ್ಡವಾಗಿ ಟ್ಯೂಬಿನ ತುದಿ ನೇತಾಡುತ್ತಿತ್ತು. ದರ್ಜಿ ದಾರ ಕಚ್ಚಿಕೊಳ್ಳುವ ಹಾಗೆ ಅದನ್ನು ತುಟಿಯಲ್ಲಿ ಹಿಡಿದು ಸ್ವಿಚ್ಚಿಗೆ ಕೈ ಚಾಚಿದೆ.

ಬಾಯೊಳಗೆ ಗಾಳಿ ಬಂತು. ಗಿಡ್ಡಗೆ ಒಂದು, ಗಿಡ್ಡಗೆ ಇನ್ನೊಂದು, ಆಮೇಲೆ ಉದ್ದಕ್ಕೆ. ಕೊನೆಗೆ ಅದು ಎರಡು ತುಂಡಾಯಿತು. ಬೆಚ್ಚಗಿತ್ತು, ಪಸೆಯಿತ್ತು, ಮನುಷ್ಯನ ಉಸಿರೇ. ಕೈ ಹಿಂದೆಗೆದೆ. ಮತ್ತೊಮ್ಮೆ ಅದೇ ಬಂತು, ಈ ಸಲ ತೀರಾ ನಿಧಾನವಾಗಿ.

ಆ ಕ್ಷಣ ನನಗೆ ಭಯವಾಗಲಿಲ್ಲ, ವಿಚಿತ್ರ ಅನಿಸಲೂ ಇಲ್ಲ. ಕಾಕ ಬೇಗ ಬಂದಿದ್ದಾರೆ, ಮೇಲಿದ್ದಾರೆ, ಅಷ್ಟೇ ಹೊಳೆದದ್ದು. ಮೇಲೆ ಆಳಿದ್ದಾನೆ ಎಂದು ಹರಕು ಅರಬಿಯಲ್ಲಿ ಹೇಳಿದೆ. ಇಂಜಿನಿಯರ್ ಕೆಂಪಗಾದ. ಹಸೈನಾರನನ್ನು ನಾನೇ ಪಾಸ್‌ಪೋರ್ಟ್ ಆಫೀಸಿಗೆ ಕಳಿಸಿದ್ದು, ಮೇಲೆ ಯಾರೂ ಇಲ್ಲ ಎಂದು ಕೂಗಿದ. ದೊಡ್ಡವರ ಮುಂದೆ ಮಾನ ಕಳೆದರೆ ನಾಳೆಯೇ ಊರಿಗೆ ಟಿಕೆಟ್ ಎಂದ. ಆ ಟಿಕೆಟ್ಟಿನ ಅರ್ಥ ಗಲ್ಫಿನಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ನಾನು ಅಲ್ಲಾಡದಿದ್ದಾಗ ಅವನೇ ಸ್ವಿಚ್ಚಿಗೆ ಕೈ ಹಾಕಲು ಬಂದ. ನಾನು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಓಡಿದೆ. ಹಿಂದಿನಿಂದ ಅವನು ಬೈಯುತ್ತ ಬಂದ.

ಫ್ಯಾನಿನ ಪೆಟ್ಟಿಗೆಯ ಬಾಗಿಲು ಅರೆ ತೆರೆದಿತ್ತು. ಹಸೈನಾರ್ ಕಾಕ ಒಳಗೆ ಬೋರಲು ಬಿದ್ದಿದ್ದರು. ಎಚ್ಚರವಿಲ್ಲ. ಬಲಗೈ ಮೊಣಕೈವರೆಗೆ ಫ್ಯಾನಿನ ರೆಕ್ಕೆಗಳ ನಡುವೆ ಇತ್ತು, ತಲೆ ಅದಕ್ಕೆ ಒರಗಿತ್ತು. ಇಂಜಿನಿಯರ್ ಅದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಅವನೂ ನಾನೂ ಸೇರಿ ಕಾಕನನ್ನು ಎಳೆದು ಹೊರಗೆ ಮಲಗಿಸಿದೆವು.

ಕಾಕನನ್ನು ಗಾಡಿಗೆ ಹತ್ತಿಸುವ ಮೊದಲು ನಾನು ಮೊಳೆಯ ಕಡೆ ನೋಡಿದೆ. ಟ್ಯೂಬಿನ ತುದಿ ಗೋಡೆಯ ಆಚೆ ಬದಿಯಲ್ಲಿ, ನಾನು ತೂಗುಹಾಕಿದ ಹಾಗೆಯೇ ಇತ್ತು. ಟೇಪು ಬಿಚ್ಚಿರಲಿಲ್ಲ. ಅದರ ಮೇಲೆ ಮರಳು ಕೂತಿತ್ತು.

ಇಕಾಮಾ ಕೆಲಸ ಅವತ್ತು ಆಗದೆ ಕಾಕ ಮಧ್ಯಾಹ್ನವೇ ವಾಪಸು ಬಂದಿದ್ದರು. ನಾನು ಊಟಕ್ಕೆ ಹೋಗಿದ್ದಾಗ ಹೊರಗಿನ ಮೆಟ್ಟಿಲಿನಿಂದ ಮೇಲೆ ಹೋಗಿ, ನಳಿಗೆ ಕೂರಿಸಲು ಒಳಗೆ ಬಗ್ಗಿದ್ದರು. ಸೆಕೆಗೆ ತಲೆ ಸುತ್ತಿ ಬಿದ್ದಿದ್ದಾರೆ. ಸಿಕ್ಕಿದಾಗ ಎಚ್ಚರ ತಪ್ಪಿ ಬಹಳ ಹೊತ್ತಾಗಿತ್ತು ಎಂದು ಡಾಕ್ಟರು ಹೇಳಿದರು.

ಟ್ಯೂಬು ಬಿಸಿಲಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಅದು ನನಗೂ ಗೊತ್ತು. ಆದರೆ ಬಿಸಿಲು ಎರಡು ಗಿಡ್ಡ, ಒಂದು ಉದ್ದ ಎಂದು ಊದುವುದಿಲ್ಲ, ಕೆಮ್ಮುವುದೂ ಇಲ್ಲ. ಕಾಕ ನರಳಿದ್ದು ಡಕ್ಟಿನೊಳಗಿಂದ ಕೇಳಿಸಿರಬೇಕು ಎಂದು ಇಂಜಿನಿಯರ್ ತೀರ್ಮಾನಿಸಿದ. ನಾನು ಯಾವ ದನಿಯನ್ನೂ ಕೇಳಿಲ್ಲ. ಬಂದದ್ದು ಕಿವಿಗಲ್ಲ, ತುಟಿಗೆ.

ಕಾಕ ಚೇತರಿಸಿಕೊಂಡ ಮೇಲೆ ಒಂದು ದಿನ ಕೇಳಿಯೇ ಬಿಟ್ಟೆ.

"ನಾನು ಊದಿದ್ದಾ? ಎಂತ ಹೇಳ್ತಿ ಮಾರಾಯ? ಬಗ್ಗಿದ್ದು ನೆನಪುಂಟು, ಮತ್ತೆ ಎಂತದೂ ಇಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದರು, "ನೀನು ಇದನ್ನು ಯಾರ ಹತ್ರವೂ ಹೇಳ್ಬೇಡ. ಇಬ್ಬರಿಗೂ ಹುಚ್ಚು ಅಂತ ವೀಸಾ ಕೊಟ್ಟ ಕಫೀಲ್ ಒಟ್ಟಿಗೇ ಊರಿಗೆ ಕಳಿಸ್ತಾನೆ."

ನಗಬೇಕೆಂದು ಹೇಳಿದ್ದು. ಇಬ್ಬರೂ ನಗಲಿಲ್ಲ.

ವರ್ಷಗಳ ನಂತರ ಅವರ ಮಗಳ ಮದುವೆಗೆ ಬಂಟ್ವಾಳಕ್ಕೆ ಹೋಗಿದ್ದೆ. ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ ಕಾಕನ ಹೆಂಡತಿ ಬಾಗಿಲ ಬಳಿ ಬಂದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ನಿಮ್ಮಿಂದ ಇವತ್ತು ಇವಳ ಬಾಪ ಇಲ್ಲಿ ನಿಂತಿದ್ದಾರೆ. ನಿಮ್ಮನ್ನು ನಾವು ಮರೆಯುವುದುಂಟಾ?" ಎಂದರು. ಅಂಗಳದಲ್ಲಿ ಕಾಕ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದರು. ಅದೇ ಬಲಗೈ. ನಾನಲ್ಲ ಎಂದು ಆಕೆಗೆ ಹೇಳಬೇಕೆನಿಸಿತು. ಆದರೆ ನಾನಲ್ಲವಾದರೆ ಮತ್ತೆ ಯಾರು ಎಂದು ಆಕೆ ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತಿಗೂ ಇಲ್ಲ.