ವೆಂಡೆಲ್ ಪಾಲಿನ ಮದ್ದಿನ ಡಬ್ಬಿ

ಡ್ರೈ ಫೋರ್ಕ್ ಊರಿನಲ್ಲಿ ಆರ್ವಿಡ್ ಸೋಲ್ಬರ್ಗ್‌ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೂ ಬೆನ್ನ ಹಿಂದೆಯೂ ಅವನು ‘ಮೇಷ್ಟ್ರು’. ಹಾಗೆ ನೋಡಿದರೆ ಅವನು ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಬದುಕಿಡೀ ರೈಲು ಹಳಿಯ ಪಕ್ಕದ ಗೋಧಿ ಗೋದಾಮಿನಲ್ಲಿ ದುಡಿದವನು. ಆದರೆ ಮೊಂಟಾನಾದ ಆ ಬಯಲು ಮೂಲೆಯಲ್ಲಿ ಯಾವ ಮಗು ಬೇಟೆಯ ಪರವಾನಗಿ ಪಡೆಯಬೇಕಾದರೂ ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ ಅವನ ಪಾಠ ಕೇಳಬೇಕಿತ್ತು. ಕೋವಿ ಹಿಡಿಯುವುದು ಹೇಗೆ, ಬೇಲಿ ದಾಟುವಾಗ ಅದನ್ನು ಎಲ್ಲಿಡಬೇಕು, ಗುಂಡು ಎಲ್ಲಿಯವರೆಗೆ ಹೋಗುತ್ತದೆ ಎಂದು ಇಪ್ಪತ್ತಾರು ವರ್ಷ ಬಿಡಿಗಾಸಿಲ್ಲದೆ ಹೇಳಿಕೊಟ್ಟಿದ್ದ.

ಅವನ ಈ ಎಚ್ಚರಕ್ಕೆ ಕಾರಣವಿತ್ತು. ಇಪ್ಪತ್ತೈದರ ಹರೆಯದಲ್ಲಿ ಗೋದಾಮಿನ ಗೋಧಿ ಧೂಳಿಗೆ ಕಿಡಿ ತಗುಲಿ ಸ್ಫೋಟವಾಗಿ, ಜೊತೆಯಲ್ಲೇ ಬುತ್ತಿ ಬಿಚ್ಚುತ್ತಿದ್ದ ಒಬ್ಬ ಅವನ ಕಣ್ಣೆದುರೇ ಸತ್ತಿದ್ದ. ಹಿಟ್ಟಿನಂಥ ಧೂಳೇ ಹಾಗೆ ಮಾಡಬಲ್ಲದಾದರೆ ಕೋವಿಯ ಮದ್ದು ಇನ್ನೇನು ಮಾಡೀತು ಎಂಬುದು ಆವತ್ತಿನಿಂದ ಅವನ ತಲೆಯಲ್ಲಿ ಕೂತುಬಿಟ್ಟಿತು.

ಆ ಸೀಮೆಯಲ್ಲಿ ಚಳಿಗಾಲದ ಮಾಂಸವೆಂದರೆ ಜಿಂಕೆ. ಅಂಗಡಿಯ ತೋಟೆ ತುಟ್ಟಿಯೆಂದು ಬಹಳ ಜನ ಸುಟ್ಟ ತೋಟೆಯ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ಮನೆಯಲ್ಲೇ ಮದ್ದು ತುಂಬಿ, ಮೇಲೆ ಗುಂಡು ಕೂರಿಸಿಕೊಳ್ಳುತ್ತಾರೆ. ಆರ್ವಿಡ್‌ನ ನೆಲಮಾಳಿಗೆಯಲ್ಲೂ ಅದಕ್ಕೆಂದೇ ಒಂದು ಮೇಜಿತ್ತು. ಒಲೆಯಿಂದ ದೂರದ, ತಂಪಾದ, ತೇವವಿಲ್ಲದ ಮೂಲೆಯಲ್ಲಿ ಅವನೇ ಮಾಡಿದ ದಪ್ಪ ಹಲಗೆಯ ಪೆಟ್ಟಿಗೆಯಿತ್ತು. ನೋಡಲು ಬಂದವರು, “ಇಷ್ಟು ಜೋಪಾನ ಮಾಡೋನು ಕಬ್ಬಿಣದ ಪೆಟ್ಟಿಗೇಲಿ ಬೀಗ ಹಾಕಿ ಇಡಬಾರದಾ?” ಎಂದರೆ ಅವನಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. “ಕಬ್ಬಿಣದಲ್ಲಿ ಬಿಗಿದಿಟ್ರೆ ಅದು ಬಾಂಬು ಕಣಯ್ಯಾ. ಹಲಗೆ ಆದ್ರೆ ಬಾಯಿ ಬಿಡುತ್ತೆ, ಉರಿದು ಹೋಗುತ್ತೆ. ಬೀಗ ಬೇಕು ಅಂದ್ರೆ ಕೋಣೆ ಬಾಗಿಲಿಗೆ ಹಾಕು,” ಎನ್ನುತ್ತಿದ್ದ. ಮದ್ದು ಬಂದ ಡಬ್ಬಿಯಲ್ಲೇ ಇರಬೇಕು, ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು, ಹೆಸರಿನ ಚೀಟಿ ಇಲ್ಲದ ಡಬ್ಬಿಯನ್ನು ಸ್ವಂತ ಅಪ್ಪನೇ ಕೊಟ್ಟರೂ ಮುಟ್ಟಬಾರದು. ಮಕ್ಕಳಿಗೆ ಇದು ಬಾಯಿಪಾಠವಾಗಿತ್ತು.

ಇಷ್ಟೆಲ್ಲ ನೆಟ್ಟಗಿದ್ದವನ ಮನಸ್ಸಿನಲ್ಲಿ ಒಂದು ಹುಳುಕೂ ಇತ್ತು. ಅದು ಹುಟ್ಟಿದ್ದು ಎರಡು ಸಾವಿರದ ಹದಿಮೂರರಲ್ಲಿ. ಆ ವರ್ಷ ದೇಶದಲ್ಲೆಲ್ಲ ಮದ್ದಿಗೆ ಬರ ಬಂತು. ಅಂಗಡಿಗಳ ಹಲಗೆ ಬೋಳಾದವು. ಆರ್ವಿಡ್ ಹತ್ತಿರ ಒಂದು ಚಮಚವೂ ಇರಲಿಲ್ಲ. ನಾಚಿಕೆ ಬಿಟ್ಟು, ಮೈಲಿಯಾಚೆಯ ಗೆಳೆಯ ವೆಂಡೆಲ್ ಕ್ರಾಲ್‌ನ ಬಾಗಿಲಿಗೆ ಹೋದ. ವೆಂಡೆಲ್ ಜಿಲ್ಲೆಯ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುತ್ತಿದ್ದ, ಸದಾ ಮೈತುಂಬ ಧೂಳು, ಬಾಯ್ತುಂಬ ತಮಾಷೆ. ಅವನ ಹತ್ತಿರ ಎರಡು ಡಬ್ಬಿಯಿತ್ತು. ಒಂದನ್ನು ತಂದು ಆರ್ವಿಡ್‌ನ ಕೈಗಿಟ್ಟ. “ತಗೊಳ್ಳೋ ಮಾರಾಯ. ಮೇಷ್ಟ್ರು ಬೇಡೋಕೆ ಬಂದಿರೋದು ನೋಡೋ ಭಾಗ್ಯ ಯಾವಾಗ್ಲೂ ಸಿಗುತ್ತಾ?” ಎಂದು ನಕ್ಕ.

ವೆಂಡೆಲ್ ಅದನ್ನು ಮರೆತೇಬಿಟ್ಟ. ಆರ್ವಿಡ್ ಮರೆಯಲಿಲ್ಲ. ಬೇಡಿದೆನಲ್ಲ ಎಂಬ ಮಾತು ಅವನಿಗೆ ಅಂಗಾಲಿನ ಮುಳ್ಳಾಯಿತು. ಆಮೇಲೆ ಅಂಗಡಿಗೆ ಹೋದಾಗೆಲ್ಲ ಬೇಕಿರಲಿ ಬೇಡದಿರಲಿ ಒಂದು ಡಬ್ಬಿ ತರುತ್ತಿದ್ದ. ಕಾನೂನಿನ ಮಿತಿ ಮೀರಲಿಲ್ಲ, ಅಷ್ಟರಮಟ್ಟಿಗೆ ಮೇಷ್ಟ್ರೇ. ಆದರೆ ವರ್ಷಕ್ಕೆ ಒಂದೂವರೆ ಡಬ್ಬಿ ಖರ್ಚಾಗುವ ಮನೆಯಲ್ಲಿ ಹದಿನೈದು ಡಬ್ಬಿ ಸಾಲಾಗಿ ನಿಂತವು.

ಎರಡು ಸಾವಿರದ ಇಪ್ಪತ್ತರಲ್ಲಿ ರೋಗ ಬಂತು, ಅದರ ಬೆನ್ನಿಗೆ ಮತ್ತೆ ಮದ್ದಿಗೆ ಬರ ಬಂತು. ಊರಿನ ಬೇಟೆ ಸಾಮಾನಿನ ಅಂಗಡಿ ಬರ್ನಡೆಟ್ ಎಂಬ ಗಟ್ಟಿಗಿತ್ತಿಯದು. ಅವಳು ತಲೆಗೊಂದೇ ಡಬ್ಬಿ ಎಂದು ಗೋಡೆಗೆ ಪಟ್ಟಿ ಅಂಟಿಸಿದಳು. ಅಕ್ಟೋಬರದ ಒಂದು ಮಂಗಳವಾರ ಬೆಳಿಗ್ಗೆ ಅವಳ ಫೋನು ಬಂತು.

“ಮೇಷ್ಟ್ರೇ, ಆರು ಡಬ್ಬಿ ಬಂದಿದೆ. ಬೇಗ ಬನ್ನಿ, ಹದ್ದುಗಳು ಸುತ್ತೋಕೆ ಶುರುಮಾಡಿವೆ.”

ಆರ್ವಿಡ್ ಹೋದ. ತನ್ನದನ್ನು ತೆಗೆದುಕೊಂಡ. ಬರ್ನಡೆಟ್ ಇನ್ನೊಂದನ್ನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದಳು. ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಶಾಯಿಯಲ್ಲಿ ‘ವೆಂಡೆಲ್’ ಎಂದು ಬರೆದಿದ್ದಳು. “ಅವನು ಈ ತಿಂಗಳೆಲ್ಲಾ ಉತ್ತರದ ರಸ್ತೇಲಿ ಇದಾನೆ. ನಾನು ಬಾಗಿಲು ಹಾಕೋ ಹೊತ್ತಿಗೆ ಅವನು ಬರೋಕಾಗಲ್ಲ. ನಿಮ್ ದಾರೀಲೇ ಅಲ್ವಾ ಮನೆ, ಕೊಟ್ಬಿಡಿ.”

“ಅದಕ್ಕೇನಂತೆ,” ಎಂದು ಆರ್ವಿಡ್ ಎರಡಕ್ಕೂ ದುಡ್ಡು ಕೊಟ್ಟ.

ವೆಂಡೆಲ್ ಮನೆಯ ತಿರುವಿನಲ್ಲಿ ಅವನ ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ. ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ, ಮೆಟ್ಟಿಲ ಮೇಲೆ ಮದ್ದು ಇಟ್ಟು ಬರುವುದು ಸರಿಯಲ್ಲ, ನಾಳೆ ಕೊಟ್ಟರಾಯಿತು ಎಂದುಕೊಂಡ. ಎಲ್ಲವೂ ಮೇಷ್ಟ್ರಿಗೆ ತಕ್ಕ ಕಾರಣಗಳೇ. ವೆಂಡೆಲ್‌ನ ಹೆಂಡತಿ ಕೊರೀನಳ ಬಟ್ಟೆ ತಂತಿಯ ಮೇಲೆ ಒಣಗುತ್ತಿದ್ದುದು ಮಾತ್ರ ಕಣ್ಣಿಗೆ ಬಿದ್ದಿತ್ತು. ನಾಳೆ ಎಂಬುದು ನಾಡಿದ್ದಾಯಿತು, ವಾರವಾಯಿತು. ಹದಿನೇಳನೆಯ ಡಬ್ಬಿ ಪೆಟ್ಟಿಗೆಯಲ್ಲಿ ಕೂತ ಮೇಲೆ ಅದನ್ನು ತೆಗೆಯಲು ಅವನ ಕೈ ಏಳಲಿಲ್ಲ.

ಒಂಬತ್ತನೆಯ ದಿನ ವೆಂಡೆಲ್‌ನೇ ಫೋನು ಮಾಡಿದ.

“ಏನ್ ಮೇಷ್ಟ್ರೇ, ಬರ್ನಡೆಟ್ ಹತ್ರ ಮದ್ದು ಗಿದ್ದು ಬಂತಾ? ಬೇಟೆ ಶುರುವಾಗೋಕೆ ಎರಡೇ ದಿನ, ನನ್ ಹತ್ರ ನಾಲ್ಕೇ ತೋಟೆ.”

“ಗೊತ್ತಿಲ್ಲ ಕಣೋ. ಬಂದಿದ್ರೂ ಇಷ್ಟೊತ್ತಿಗೆ ಖಾಲಿ ಆಗಿರ್ಬೇಕು.”

“ನಿನ್ ಹತ್ರ ಇದ್ರೆ ಒಂದಿಷ್ಟು…”

“ನಂದೂ ತಳ ಕಾಣ್ತಿದೆ,” ಎಂದ ಆರ್ವಿಡ್.

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಮಾವಿಸ್ ನಲ್ಲಿ ನಿಲ್ಲಿಸಿದಳು. ಅವನ ಬೆನ್ನನ್ನೇ ನೋಡಿದಳು. ಮತ್ತೆ ನಲ್ಲಿ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಕೊರೀನಳ ಫೋನು. “ಮೇಷ್ಟ್ರೇ, ಓಡಿ ಬನ್ನಿ. ವೆಂಡೆಲ್ ಕೈ… ಕೋವಿ ಒಡೆದುಹೋಯ್ತು. ಆಂಬುಲೆನ್ಸ್ ಜಿಲ್ಲೆಯ ಆ ತುದೀಲಿದೆಯಂತೆ.”

ವೆಂಡೆಲ್ ಕಲ್ಲುಗಣಿಯ ಹತ್ತಿರ ಗುರಿ ನೋಡುತ್ತಿದ್ದಾಗ ಕೋವಿ ಸೀಳಿತ್ತು. ಎಡಗೈಗೆ ಸುತ್ತಿದ ಸ್ನಾನದ ಟವೆಲು ಕಪ್ಪಾಗಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಆಸ್ಪತ್ರೆಗೆ ಎಪ್ಪತ್ತು ಮೈಲಿ. ಆರ್ವಿಡ್ ಗಾಡಿ ಓಡಿಸಿದ, ನಡುವೆ ವೆಂಡೆಲ್, ಆಚೆಗೆ ಕೊರೀನ್.

“ಇನ್ಮೇಲೆ ಪಿಯಾನೋ ಬಾರಿಸೋಕಾಗಲ್ಲ ಕಣೇ,” ಎಂದ ವೆಂಡೆಲ್, ಹಲ್ಲು ಕಚ್ಚಿಕೊಂಡು.

“ಮುಂಚೆ ಬಾರಿಸಿ ಕಿವಿ ತುಂಬಿಸ್ಬಿಟ್ಟಿದ್ರಿ,” ಎಂದು ಕೊರೀನ್ ಅಳುತ್ತಲೇ ಬೈದಳು.

ಸ್ವಲ್ಪ ದೂರ ಹೋದ ಮೇಲೆ ವೆಂಡೆಲ್ ತಾನಾಗಿಯೇ ಹೇಳಿದ. “ನಮ್ ಮಾವನ ಶೆಡ್ಡಲ್ಲಿ ಕಾಫಿ ಡಬ್ಬಿ ತುಂಬ ಮದ್ದಿತ್ತು. ಕೋವಿದೇ ಅಂದ್ಕೊಂಡೆ. ಪಿಸ್ತೂಲಿಂದೋ ಏನೋ, ಕೋವಿ ತಡ್ಕೊಳ್ಳೋಕಾಗದಷ್ಟು ಬೇಗ ಉರಿಯೋದು. ಚೀಟಿ ಇರ್ಲಿಲ್ಲ. ನಿನ್ ಪಾಠ ಪೂರ್ತಿ ನೆನಪಿತ್ತು ಮೇಷ್ಟ್ರೇ, ಆದ್ರೂ ತುಂಬಿದೆ. ಬೈಬೇಡ ಈಗ.”

ಆರ್ವಿಡ್ ಬೈಯಲಿಲ್ಲ. ಹೇಳಬೇಕಾದ ಮಾತು ಗಂಟಲಿನವರೆಗೆ ಬರುತ್ತಿತ್ತು, ಎದುರಿಗೆ ಬಂದ ಲಾರಿ ಹಾದುಹೋಗುವಷ್ಟರಲ್ಲಿ ಒಳಗಿಳಿಯುತ್ತಿತ್ತು. ಎಪ್ಪತ್ತು ಮೈಲಿಯೂ ಹೀಗೇ ಮುಗಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಕೊರೀನ್ ಅವನ ತೋಳು ಹಿಡಿದು, “ನೀವು ಇಲ್ದೇ ಇದ್ದಿದ್ರೆ ಏನ್ ಗತಿಯಾಗ್ತಿತ್ತು,” ಎಂದಳು. ಅದಕ್ಕೆ ಆರ್ವಿಡ್ ತಲೆಯಾಡಿಸಿದ. ಮುಂದೆ ಎಷ್ಟೋ ದಿನ ಅವನಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಆ ತಲೆಯಾಡಿಸಿದ್ದು.

ವೆಂಡೆಲ್‌ಗೆ ಎರಡು ಬೆರಳು ಹೋದವು. ಎಡಗಣ್ಣಿಗೆ ಬೆಳಕು ಮಾತ್ರ ಉಳಿಯಿತು.

ಮುಂದಿನ ವಾರ ಆರ್ವಿಡ್ ಅಂಗಡಿಗೆ ಹೋದಾಗ ನಾಲ್ಕು ಜನ ಸೇರಿದ್ದರು. ಬರ್ನಡೆಟ್ ಕೈ ಬೀಸಿ ಹೇಳುತ್ತಿದ್ದಳು. “ನಂಗೆ ಅರ್ಥವೇ ಆಗ್ತಿಲ್ಲ. ಮೇಷ್ಟ್ರ ಕೈಲಿ ಹೊಸ ಡಬ್ಬಿ ಕಳಿಸಿದ್ದೆ. ಅದನ್ನ ಮುಚ್ಚಿಟ್ಟು ಆ ಹಾಳು ಕಾಫಿ ಡಬ್ಬೀದು ಯಾಕೆ ತುಂಬ್ದ ಇವ್ನು?”

“ಜಿಪುಣ. ಹೊಸದು ಸವೆದು ಹೋಗುತ್ತೆ ಅಂತ ಮೊಮ್ಮಕ್ಕಳಿಗೆ ಇಟ್ಟಿರ್ಬೇಕು,” ಎಂದನೊಬ್ಬ. ಎಲ್ಲರೂ ನಕ್ಕರು. “ಅಲ್ವಾ ಮೇಷ್ಟ್ರೇ?” ಎಂದು ಆರ್ವಿಡ್‌ನ ಕಡೆ ತಿರುಗಿದರು.

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. “ಪಾಪ, ಅವನ ಗ್ರಹಚಾರ,” ಎಂದುಬಿಟ್ಟ ಆರ್ವಿಡ್. ಏನೂ ಕೊಳ್ಳದೆ ಹೊರಬಂದು ಗಾಡಿಯಲ್ಲಿ ಕೂತ. ಮೊದಲು ಅವನ ಪಾಲಿನ ಮದ್ದು ಕದ್ದಿದ್ದೆ, ಈಗ ಮರ್ಯಾದೆಯನ್ನೂ ಕದ್ದೆ ಎಂದು ಅವನಿಗೆ ಅನ್ನಿಸಿತು. ದಾನಿಯಾಗಿದ್ದವನನ್ನು ಊರು ಜಿಪುಣ ಎನ್ನುತ್ತಿದೆ, ಅದೂ ತನ್ನಿಂದ.

ಮನೆಯಲ್ಲಿ ಮಾವಿಸ್ ಊಟದ ಮೇಜಿಗೆ ಆಲೂಗಡ್ಡೆ ತಂದಿಟ್ಟು ಕೂತಳು. “ನೆಲಮಾಳಿಗೆ ಗುಡಿಸೋಕೆ ಹೋಗಿದ್ದೆ. ಪೆಟ್ಟಿಗೆಯೊಳಗೆ ಒಂದು ಡಬ್ಬಿ ಮೇಲೆ ಬರ್ನಡೆಟ್ ಅಕ್ಷರ ಇದೆ.”

ಆರ್ವಿಡ್ ಹಿಡಿದಿದ್ದ ಚಮಚ ಕೆಳಗಿಟ್ಟ.

“ಆವತ್ತು ಫೋನಲ್ಲಿ ನೀನು ಸುಳ್ಳು ಹೇಳ್ದಾಗ ನಾನು ಇಲ್ಲೇ ನಿಂತಿದ್ದೆ. ನಾನೂ ಬಾಯಿ ಬಿಡ್ಲಿಲ್ಲ. ನಾಳೆ ಕೊಡ್ತಾನೆ ಅಂದ್ಕೊಂಡೆ. ನಿದ್ದೆ ಬರ್ತಿಲ್ಲ ನಂಗೆ. ವೆಂಡೆಲ್ ಮನೆಗೆ ಬಂದಿದಾನಂತೆ. ನೀನು ಹೋಗ್ತೀಯೋ, ನಾನು ಹೋಗ್ಲೋ?”

ಆರ್ವಿಡ್ ಉಣ್ಣದೆ ಎದ್ದ.

ವೆಂಡೆಲ್ ಅಡುಗೆಮನೆಯಲ್ಲಿ ಕಿಟಕಿಯ ಬಿಸಿಲಿಗೆ ಕೂತಿದ್ದ. “ಬಾರೋ ಬಾರೋ. ನಂಗೆ ಈಗ ಲೆಕ್ಕ ಎಂಟರವರೆಗೇ ಬರೋದು,” ಎಂದು ಕೈ ಎತ್ತಿ ತೋರಿಸಿದ. ಆರ್ವಿಡ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಹೆಸರಿನ ಪಟ್ಟಿ ವೆಂಡೆಲ್ ಕಡೆಗಿತ್ತು.

“ಇದು ನಿಂದು. ಬರ್ನಡೆಟ್ ಕಳಿಸಿದ್ದು. ನೀನು ಫೋನು ಮಾಡಿದ್ದಕ್ಕೆ ಒಂಬತ್ತು ದಿನ ಮುಂಚೆ. ನನ್ನ ಹತ್ರ ಇನ್ನೂ ಹದಿನಾರು ಇತ್ತು. ಇಲ್ಲ ಅಂದೆ.”

ವೆಂಡೆಲ್‌ನ ಮುಖದಿಂದ ನಗು ಒಮ್ಮೆಗೇ ಹೋಗಲಿಲ್ಲ, ಇಳಿಯುತ್ತ ಹೋಯಿತು. ಪಟ್ಟಿಯ ಅಕ್ಷರಗಳ ಮೇಲೆ ಉಳಿದ ಬೆರಳು ಆಡಿಸಿದ.

“ಹದಿನಾರು,” ಎಂದ.

“ಹೂಂ.”

“ಆಸ್ಪತ್ರೆಗೆ ಹೋಗುವಾಗ ಬೈಬೇಡ ಅಂತ ನಿನ್ನ ಬೇಡ್ಕೊಂಡೆ ನಾನು. ಆಗ ಹೇಳ್ಬಹುದಿತ್ತು.”

“ಹೇಳ್ಬಹುದಿತ್ತು. ಆಗ್ಲಿಲ್ಲ.”

“ಕಾಫಿ ಡಬ್ಬಿ ಬಾಯಿ ತೆಗೆದೋನು ನಾನು. ಅದು ನನ್ನ ಕರ್ಮ, ಅದನ್ನ ನೀನು ಹೊತ್ಕೊಳ್ಳೋಕೆ ಬರ್ಬೇಡ. ಆದ್ರೆ ಇದು…” ಎಂದು ವೆಂಡೆಲ್ ಡಬ್ಬಿ ತೋರಿಸಿದ.

ಒಲೆಯ ಬಳಿ ನಿಂತಿದ್ದ ಕೊರೀನ್ ಬಂದು ಡಬ್ಬಿ ಎತ್ತಿಕೊಂಡಳು. ಹಿಂಬಾಗಿಲು ತೆರೆದು ಅಂಗಳಕ್ಕಿಳಿದಳು. ಕೋಳಿಗೆ ಕಾಳು ಎರಚುವ ಹಾಗೆ ಒಣಹುಲ್ಲಿನ ಮೇಲೆ ಅಷ್ಟು ಮದ್ದನ್ನೂ ತೆಳ್ಳಗೆ ಎರಚುತ್ತ, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಇಬ್ಬರು ಗಂಡಸರೂ ಕಿಟಕಿಯಿಂದ ನೋಡಿದರು. ಖಾಲಿ ಡಬ್ಬಿ ತಂದು ಆರ್ವಿಡ್‌ನ ಕೈಗೆ ಕೊಟ್ಟು, “ಈಗ ಹೋಗಿ,” ಎಂದಳು. ಮೇಷ್ಟ್ರೇ ಎನ್ನಲಿಲ್ಲ.

ಅಲ್ಲಿಂದ ಆರ್ವಿಡ್ ನೇರ ಅಂಗಡಿಗೆ ಹೋದ. ಆ ಹೊತ್ತಿಗೆ ಇದ್ದ ಮೂವರು ಗಿರಾಕಿಗಳ ಎದುರೇ ಬರ್ನಡೆಟ್‌ಗೆ ಹೇಳಿದ. ಅವಳು ಬಾಯಿಗೆ ಬಂದಂತೆ ಬೈದಳು, ಆಮೇಲೆ ಅಳತೊಡಗಿದಳು. “ನಾನು ಊರಿಗೆಲ್ಲಾ ಅವ್ನನ್ನ ದಡ್ಡ ಅಂತ ಸಾರಿದೀನಲ್ರೀ!” ಮರುದಿನ ಆರ್ವಿಡ್ ಉಳಿದ ಹದಿನಾರರಲ್ಲಿ ಎರಡನ್ನು ಇಟ್ಟುಕೊಂಡು, ಅವಳ ಹತ್ತಿರ ಮದ್ದಿಗೆ ಹೆಸರು ಬರೆಸಿ ಕಾಯುತ್ತಿದ್ದ ಹದಿನಾಲ್ಕು ಮನೆಗಳಿಗೂ ತಾನೇ ಹೋಗಿ ಒಂದೊಂದು ಕೊಟ್ಟ. ಕೆಲವರು ಇದೇನು ಔದಾರ್ಯ ಎಂದು ಕೈ ಕುಲುಕಲು ಬಂದರು. ಅವರಿಗೂ ಬಾಗಿಲಲ್ಲೇ ನಿಂತು ನಡೆದದ್ದು ಹೇಳಬೇಕಾಯಿತು. ನಾಲ್ಕನೆಯ ಮನೆಯ ಹೊತ್ತಿಗೆ ಸುಲಭವಾದೀತು ಎಂದುಕೊಂಡಿದ್ದ, ಆಗಲಿಲ್ಲ. ಒಬ್ಬ ಮುದುಕ ಡಬ್ಬಿ ತೆಗೆದುಕೊಂಡು ಅವನ ಮುಖಕ್ಕೇ ಬಾಗಿಲು ಹಾಕಿದ.

ವಸಂತದಲ್ಲಿ ಪಾಠ ಬಿಟ್ಟುಬಿಡುತ್ತೇನೆಂದು ಪಾದ್ರಿಗೆ ಚೀಟಿ ಬರೆದ. ಅದು ಹೇಗೋ ವೆಂಡೆಲ್‌ನ ಕಿವಿಗೆ ಬಿತ್ತು. ಐದು ತಿಂಗಳ ಮೇಲೆ ಮೊದಲ ಸಲ ಫೋನು ಮಾಡಿದ. “ಬಿಟ್ರೆ ಮಕ್ಕಳಿಗೆ ಯಾರು ಹೇಳ್ಕೊಡ್ತಾರೆ, ನಿಮ್ಮಪ್ಪನಾ? ಹೋಗಿ ಹೇಳ್ಕೊಡು. ನಂದೂ ಹೇಳು, ನಿಂದೂ ಹೇಳು,” ಎಂದು ಇಟ್ಟುಬಿಟ್ಟ.

ಆರ್ವಿಡ್ ಹೇಳಿದ. ಚೀಟಿಯಿಲ್ಲದ ಡಬ್ಬಿಯ ಕತೆ ಮಕ್ಕಳು ಕಣ್ಣರಳಿಸಿ ಕೇಳಿದರು. ಚೀಟಿಯಿದ್ದ ಡಬ್ಬಿಯ ಕತೆ ಬಂದಾಗ ಹಿಂದೆ ಕೂತಿದ್ದ ತಂದೆತಾಯಂದಿರು ನೆಲ ನೋಡಿದರು. ಮರುದಿನ ಎರಡು ಮನೆಯವರು ಮಕ್ಕಳನ್ನು ಬಿಡಿಸಿ ಪಕ್ಕದೂರಿಗೆ ಸೇರಿಸಿದರು. ಉಳಿದವರಿಗೂ ಆಮೇಲೆ ಬಂದವರಿಗೂ ಇನ್ನೂ ಮೂರು ವರ್ಷ ಪಾಠ ಮಾಡಿದ. ಪ್ರತಿ ವರ್ಷವೂ ಆ ಕತೆ ಹೇಳಿದ, ಪ್ರತಿ ಸಲವೂ ‘ತಳ ಕಾಣ್ತಿದೆ’ ಎಂದದ್ದನ್ನು ಬಿಡದೆ ಹೇಳಿದ.

ವೆಂಡೆಲ್ ಮತ್ತೆ ಕೋವಿ ಹಿಡಿಯಲಿಲ್ಲ. ಆರ್ವಿಡ್ ಪ್ರತಿ ನವೆಂಬರಿನಲ್ಲಿ ಹೊಡೆದ ಜಿಂಕೆಯ ಅರ್ಧವನ್ನು ಕಾಗದದಲ್ಲಿ ಸುತ್ತಿ ಅವರ ಮನೆಗೆ ಒಯ್ಯುತ್ತಿದ್ದ. ಮೊದಲ ವರ್ಷ ಕೊರೀನ್ ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋದಳು. ಎರಡನೆಯ ವರ್ಷ, “ಮಾವಿಸ್ ಮಂಡಿನೋವು ಹೇಗಿದೆ?” ಎಂದಷ್ಟೇ ಕೇಳಿದಳು. ಮೂರನೆಯ ವರ್ಷ ಹಿಮ ಬೀಳುತ್ತಿತ್ತು. ಒಳಗಿನಿಂದ ವೆಂಡೆಲ್ ಕೂಗಿದ, “ಬಾಗಿಲು ತೆಕ್ಕೊಂಡು ನಿಂತು ಮನೆ ತಣ್ಣಗೆ ಮಾಡ್ಬೇಡ್ರೋ. ಬರೋದಿದ್ರೆ ಬಾ, ಹೋಗೋದಿದ್ರೆ ಹೋಗು.”

ಆರ್ವಿಡ್ ಕೊರೀನಳ ಮುಖ ನೋಡಿದ. ಅವಳು ಮಾಂಸದ ಪೊಟ್ಟಣ ಇಸಿದುಕೊಂಡು ಪಕ್ಕಕ್ಕೆ ಸರಿದಳು. ಅವನು ಬೂಟು ಬಿಚ್ಚಿಟ್ಟು ಒಳಗೆ ಹೋದ.